ನೆಲಕ್ಕೆ ಹಾಕಿದ ತೇಪೆ ಯಾಕೆ ನಿಲ್ಲುವುದಿಲ್ಲ? ಕೆಂಪು ನೆಲದಿಂದ ಟೈಲ್ಸ್‌ವರೆಗೆ, ಹಂತ ಹಂತವಾಗಿ

"ಕೆಂಪು ನೆಲ ಒಡೆದಿತ್ತು, ಸಿಮೆಂಟ್ ಹಾಕಿಸಿದ್ವಿ, ಮಳೆಗಾಲ ಮುಗಿಯೋದ್ರೊಳಗೆ ಹಪ್ಪಳದ ಹಾಗೆ ಎದ್ದು ಬಂತು." ಮೈಸೂರು, ಮಂಡ್ಯ ಕಡೆಯವರಿಂದ ಮತ್ತೆ ಮತ್ತೆ ಕೇಳುವ ದೂರು ಇದು. ಎರಡನೆಯದು, ಬಚ್ಚಲು ತೊಳೆಯುವ ಆಸಿಡ್ ಹಾಕಿ ಮೊಸಾಯಿಕ್ ಉಜ್ಜಿದೆವು, ಇದ್ದ ಹೊಳಪೂ ಹೋಯಿತು ಅನ್ನುವುದು. ಬೈಗುಳ ಗಾರೆಯವರಿಗೆ ಬೀಳುತ್ತದೆ. ಆದರೆ ಹೆಚ್ಚಿನ ಸಲ ತಪ್ಪಿರುವುದು ಕೆಲಸದ ಕ್ರಮ. ನೀರು ಎಲ್ಲಿಂದ ಬರುತ್ತಿದೆ ಅಂತ ನೋಡದೆ ತೇಪೆ ಹಾಕಿಸುತ್ತೇವೆ, ನೆಲ ಯಾವುದು ಅಂತ ಗೊತ್ತಿಲ್ಲದೆ ಅಂಗಡಿಯವನು ಕೊಟ್ಟ ಬಾಟಲಿ ಸುರಿಯುತ್ತೇವೆ.

ಕೆಳಗಿನ ಮೊದಲ ಮೂರು ಹಂತ ಎಲ್ಲ ನೆಲಕ್ಕೂ ಬೇಕು, ಬಿಡುವ ಹಾಗಿಲ್ಲ. ನಾಲ್ಕರಿಂದ ಏಳರವರೆಗೆ ನಿಮ್ಮ ಮನೆಯಲ್ಲಿರುವುದನ್ನು ಮಾತ್ರ ನೋಡಿಕೊಳ್ಳಿ.

ಇನ್ನೊಂದು ಮಾತು, ಸಮಯದ ಬಗ್ಗೆ. ನಮ್ಮ ಕಡೆ ಎಲ್ಲರಿಗೂ ನೆಲದ ನೆನಪಾಗುವುದು ದಸರಾ ಹತ್ತಿರ ಬಂದಾಗ. ನೆಂಟರು ಬರುತ್ತಾರೆ, ಗೊಂಬೆ ಕೂರಿಸಬೇಕು, ಸರಿ, ನಾಲ್ಕು ದಿನದಲ್ಲಿ ಮುಗಿಸಿಕೊಡಿ ಅಂತ ಮೇಸ್ತ್ರಿ ಬೆನ್ನು ಬೀಳುತ್ತಾರೆ. ಮಳೆಯ ತೇವ ಇನ್ನೂ ನೆಲದಲ್ಲೇ ಇರುತ್ತದೆ, ಸಿಮೆಂಟ್ ಗಟ್ಟಿಯಾಗಲು ದಿನ ಸಾಲುವುದಿಲ್ಲ. ಸಾಧ್ಯವಾದರೆ ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ಮಾಡಿಸಿ. ಏಪ್ರಿಲ್ ಬಿಸಿಲಿಗೆ ಮೇಲ್ಪದರ ಬೇಗ ಒಣಗಿ ಬಿರುಕು ಬಿಡುತ್ತದೆ.

## ಬೇಕಾಗುವ ಸಾಮಾನು

ಸಣ್ಣ ಉಳಿ, ಸುತ್ತಿಗೆ, ಕರಣೆ, ರಸಮಟ್ಟ, ತಂತಿ ಬ್ರಷ್ ಮತ್ತು ನೈಲಾನ್ ಬ್ರಷ್, ಸ್ಪಂಜು, ಎರಡು ಬಕೆಟ್, ಸೀಮೆಸುಣ್ಣ, ದಪ್ಪ ಪ್ಲಾಸ್ಟಿಕ್ ಹಾಳೆ, ಅಗಲವಾದ ಟೇಪು. ಟೈಲ್ಸ್ ಕೆಲಸವಿದ್ದರೆ ಹಲ್ಲಿರುವ ಕರಣೆ ಮತ್ತು ಸ್ಪೇಸರ್ (ಟೈಲ್ಸ್ ನಡುವೆ ಸಮನಾದ ಸಂದು ಬಿಡಲು ಇಡುವ ಪ್ಲಾಸ್ಟಿಕ್ ಚೂರು). ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಮುಖಕ್ಕೆ ಒಳ್ಳೆಯ ಮಾಸ್ಕ್. ಟೈಲ್ಸ್ ಅಥವಾ ಕಲ್ಲನ್ನು ಒಣಗಿದ್ದಂತೆಯೇ ಕತ್ತರಿಸಿದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ನೀರು ಹಾಕಿಕೊಂಡೇ ಕತ್ತರಿಸಬೇಕು, ಅದೂ ಮನೆಯ ಹೊರಗೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಆಯ್ತು ಅಂತ ಕೆಲಸದವರು ಹೇಳುತ್ತಾರೆ. ಸಾಲದು.

## ಹಂತ 1: ನೆಲ ಯಾವುದು ಅಂತ ಗುರುತು ಹಿಡಿಯಿರಿ

ಹಳೆಯ ಮನೆಗಳಲ್ಲಿ ಒಂದೇ ಸೂರಿನ ಕೆಳಗೆ ನಾಲ್ಕು ಬಗೆಯ ನೆಲ ಇರುವುದು ಹೊಸದೇನಲ್ಲ. ಪಡಸಾಲೆಗೆ ರೆಡ್ ಆಕ್ಸೈಡ್ (ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಮಾಡಿದ ಕೆಂಪು ನೆಲ), ಅಡುಗೆಮನೆಗೆ ಕಡಪ ಕಲ್ಲು, ಆಮೇಲೆ ಕಟ್ಟಿದ ರೂಮಿಗೆ ಮೊಸಾಯಿಕ್, ಮಹಡಿಗೆ ವಿಟ್ರಿಫೈಡ್ ಟೈಲ್ಸ್. ಒಂದಕ್ಕೆ ಹಿಡಿಸುವುದು ಇನ್ನೊಂದಕ್ಕೆ ವಿಷ.

ಮಂಚದ ಕೆಳಗೋ ಬೀರು ಪಕ್ಕವೋ, ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ತೊಟ್ಟು ನಿಂಬೆರಸ ಬಿಡಿ. ಒಂದು ನಿಮಿಷ ಬಿಟ್ಟು ನೀರಿನಿಂದ ಒರೆಸಿ. ಸಣ್ಣ ಗುಳ್ಳೆ ಎದ್ದರೆ ಅಥವಾ ಒರೆಸಿದ ಮೇಲೆ ಮಂಕು ಚುಕ್ಕೆ ಉಳಿದರೆ ಆ ನೆಲದಲ್ಲಿ ಸುಣ್ಣದ ಅಂಶ ಇದೆ. ಮಾರ್ಬಲ್, ಮೊಸಾಯಿಕ್, ಕಡಪ, ರೆಡ್ ಆಕ್ಸೈಡ್ ಎಲ್ಲ ಈ ಗುಂಪು. ಕಡಪ ಅಂದರೆ ಸುಣ್ಣದ ಕಲ್ಲೇ, ಮೊಸಾಯಿಕ್ ಅಂದರೆ ಸಿಮೆಂಟಿನಲ್ಲಿ ಕೂರಿಸಿದ ಮಾರ್ಬಲ್ ಚೂರು. ಇವಕ್ಕೆ ಆಸಿಡ್, ವಿನೆಗರ್, ನಿಂಬೆ, ಹುಣಸೆಹಣ್ಣು ಯಾವುದೂ ತಾಕಬಾರದು. ಗುಳ್ಳೆಯೂ ಇಲ್ಲ, ಗುರುತೂ ಇಲ್ಲ ಅಂದರೆ ಗ್ರಾನೈಟ್ ಅಥವಾ ಟೈಲ್ಸ್. ವ್ಯಾಕ್ಸ್ ಹಚ್ಚಿದ ನೆಲದಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ, ಹಾಗಾಗಿ ಮೊದಲು ಸೋಪಿನ ನೀರಿನಲ್ಲಿ ಉಜ್ಜಿ ಒಣಗಿಸಿಕೊಳ್ಳಿ.

## ಹಂತ 2: ನೀರು ಎಲ್ಲಿಂದ ಬರುತ್ತಿದೆ?

ಇಡೀ ಕೆಲಸದಲ್ಲಿ ಇದೇ ಮುಖ್ಯ. ಜನ ಬಿಡುವುದೂ ಇದನ್ನೇ.

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಗದ್ದೆ ಬಯಲಿಗೆ ಅಂಟಿಕೊಂಡ ಮನೆಗಳಿವೆಯಲ್ಲ, ನಾಲೆಗೆ ನೀರು ಬಿಟ್ಟಾಗ ಅಲ್ಲಿ ನೆಲದಡಿಯ ನೀರು ಮೇಲೆ ಬರುತ್ತದೆ. ಅಂಥ ಮನೆಗಳ ನೆಲ ಬೇಸಿಗೆಯಲ್ಲಿ ಒಣಗಿದ್ದು, ಭತ್ತದ ನಾಟಿ ಹೊತ್ತಿಗೆ ಬೆವರಲು ಶುರುವಾಗುತ್ತದೆ. ಕೆಳಗಿನ ತೇವ ತನ್ನ ಜೊತೆ ಉಪ್ಪನ್ನೂ ತರುತ್ತದೆ. ನೀರು ಆರಿದ ಮೇಲೆ ಬಿಳಿ ಪುಡಿಯಾಗಿ ಉಳಿಯುವುದು ಈ ಉಪ್ಪೇ, ತೇಪೆಯನ್ನು ಕೆಳಗಿನಿಂದ ಎಬ್ಬಿಸುವುದೂ ಇದೇ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಅಂಟಿಸಿ. ಕನಿಷ್ಠ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಕೆಳಗೆ ಹನಿ ಕೂತಿದ್ದರೆ, ಅಥವಾ ಅಷ್ಟು ಜಾಗ ಮಾತ್ರ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ. ಹಾಳೆಯ ಮೇಲ್ಭಾಗ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ಕಿಟಕಿ ತೆಗೆದು ಫ್ಯಾನ್ ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು.

ತೇವ ಕೆಳಗಿನದು ಅಂತ ಗೊತ್ತಾದರೆ ಮುಂದಿನ ಪ್ರಶ್ನೆ, ಭೂಮಿಯದೋ ಪೈಪಿನದೋ? ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ನೀರಿನ ಮೀಟರ್ ಎಷ್ಟಿದೆ ಅಂತ ಫೋಟೋ ತೆಗೆದಿಡಿ. ಬೆಳಿಗ್ಗೆ ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಮೀಟರ್ ನಿಂತಿದ್ದರೂ ಖುಷಿಪಡಬೇಡಿ, ಬಚ್ಚಲಿನಿಂದ ಹೊರಹೋಗುವ ಪೈಪು ಸೋರಿದರೆ ಮೀಟರ್‌ಗೆ ಗೊತ್ತಾಗುವುದಿಲ್ಲ. ಬಚ್ಚಲಿನ ಗೋಡೆಗೆ ಹೊಂದಿಕೊಂಡ ಕಡೆಯೇ ತೇವ ಇದ್ದರೆ ಮೂರು ನಾಲ್ಕು ದಿನ ಆ ಬಚ್ಚಲು ಬಳಸದೆ ನೋಡಿ.

ಭೂಮಿಯ ತೇವಕ್ಕೆ ನೆಲದ ಮೇಲೆ ಬಳಿಯುವ ಯಾವ ಪೇಂಟೂ ಪರಿಹಾರ ಅಲ್ಲ. ಮನೆ ಸುತ್ತ ಮಳೆನೀರು ನಿಲ್ಲದ ಹಾಗೆ ಇಳಿಜಾರು ಮಾಡಿಸಿ, ಗೋಡೆಗೆ ಅಂಟಿದ ಹೂವಿನ ಪಾತಿ ತೆಗೆಸಿ, ಸಂಪು ಸೋರುತ್ತಿದೆಯಾ ನೋಡಿ. ಇಷ್ಟು ಮಾಡಿಯೂ ನಿಲ್ಲದಿದ್ದರೆ ನೆಲ ಅಗೆದು, ಕಾಂಕ್ರೀಟ್ ಕೆಳಗೆ ದಪ್ಪ ಪಾಲಿಥೀನ್ ಹಾಳೆ ಹಾಸಿ ಹೊಸದಾಗಿ ಹಾಕಿಸಬೇಕು. ಖರ್ಚಿನ ಕೆಲಸ ನಿಜ. ಆದರೆ ವರ್ಷ ವರ್ಷ ತೇಪೆ ಹಾಕಿಸುವವರು ಒಮ್ಮೆ ಕೂತು ಲೆಕ್ಕ ಹಾಕಿ ನೋಡಲಿ.

## ಹಂತ 3: ತಟ್ಟಿ ನೋಡಿ, ಗುರುತು ಹಾಕಿ

ಸುತ್ತಿಗೆಯ ಮರದ ಹಿಡಿಯಿಂದ ನೆಲವನ್ನು ಅಡಿಗೊಂದು ಸಲ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಕ್ ಅನ್ನುತ್ತದೆ, ಕೆಳಗೆ ಬಿಟ್ಟುಕೊಂಡ ಜಾಗ ಡಬ್ ಅನ್ನುತ್ತದೆ. ಡಬ್ ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಡೆದಿರುವುದು ಅಂಗೈಯಷ್ಟು, ಟೊಳ್ಳಿರುವುದು ಮೊರದಷ್ಟು ಅಂತ ಆಗ ಗೊತ್ತಾಗುತ್ತದೆ. ರಿಪೇರಿ ಆಗಬೇಕಾದ್ದು ಮೊರದಷ್ಟಕ್ಕೆ.

ಬಿರುಕಿದ್ದರೆ ಅದಕ್ಕೆ ಅಡ್ಡವಾಗಿ ಪೆನ್ಸಿಲ್‌ನಲ್ಲಿ ಎರಡು ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕಿನ ತುದಿಗೂ ಒಂದು ಗುರುತು. ತಿಂಗಳ ಮೇಲೆ ಗೆರೆಗಳು ಸರಿದಿದ್ದರೆ, ಬಿರುಕು ತುದಿ ದಾಟಿ ಬೆಳೆದಿದ್ದರೆ ನೆಲ ಇನ್ನೂ ಅಲುಗಾಡುತ್ತಿದೆ. ಅಂಥದ್ದನ್ನು ಮುಚ್ಚಬೇಡಿ.

ಹಳೆಯ ಮನೆಯಲ್ಲಿ ಇನ್ನೊಂದು ಸಂಗತಿ ಉಂಟು, ಹೆಗ್ಗಣ. ಮೋರಿ ಕಡೆಯಿಂದ ಬಿಲ ತೋಡಿಕೊಂಡು ನೆಲದ ಕೆಳಗೆ ಮಣ್ಣು ಖಾಲಿ ಮಾಡಿರುತ್ತದೆ. ಮೂಲೆಯಲ್ಲಿ ಸಡಿಲ ಮಣ್ಣಿನ ಗುಡ್ಡೆ ಕಂಡರೆ ಅನುಮಾನ ಪಡಿ. ಬಿಲದೊಳಗೆ ಕಲ್ಲುಚೂರು, ಮರಳು ತುಂಬಿ, ನೀರು ಹೊಯ್ದು, ಕುಟ್ಟಿ ಗಟ್ಟಿ ಮಾಡಿದ ಮೇಲೆಯೇ ಮೇಲಿನ ಕೆಲಸ.

## ಹಂತ 4: ಕೆಂಪು ನೆಲದ ರಿಪೇರಿ

ಕೂದಲೆಳೆ ಬಿರುಕುಗಳನ್ನು ಹಾಗೇ ಬಿಡಿ. ಹಳೆಯ ರೆಡ್ ಆಕ್ಸೈಡ್ ನೆಲದಲ್ಲಿ ಅವು ಇದ್ದೇ ಇರುತ್ತವೆ. ತುಂಬಲು ಹೋದರೆ ನೆಲದ ತುಂಬ ಬೇರೆ ಬಣ್ಣದ ಗೆರೆ ಕಾಣುತ್ತದೆ, ಅಷ್ಟೇ ಲಾಭ.

ಕಿತ್ತುಬಂದ ಜಾಗಕ್ಕೆ ಹೀಗೆ ಮಾಡಿ.

4.1 ಕತ್ತರಿಸಿ. ಟೊಳ್ಳಿನ ಗೆರೆಯಿಂದ ಒಂದಿಷ್ಟು ಹೊರಗೆ, ಚೌಕವಾಗಿ, ಅಂಚು ನೇರ ಕೆಳಗಿಳಿಯುವ ಹಾಗೆ ಉಳಿಯಿಂದ ಕತ್ತರಿಸಿ. ಕನಿಷ್ಠ ಒಂದು ಸೆಂಟಿಮೀಟರ್ ಆಳ ಬೇಕು. ಅಂಚಿನಲ್ಲಿ ತೆಳ್ಳಗೆ ಸವರಿ ಬಿಡುವ ತೇಪೆ ಮೊದಲು ಏಳುವುದೇ ಅಂಚಿನಲ್ಲಿ.

4.2 ತೊಳೆದು ನೆನೆಸಿ. ಸಡಿಲ ಪುಡಿಯೆಲ್ಲ ತಂತಿ ಬ್ರಷ್‌ನಿಂದ ಕೆರೆದು ತೆಗೆಯಿರಿ. ಹಳೇ ವ್ಯಾಕ್ಸ್, ಎಣ್ಣೆ ಇದ್ದರೆ ಸೋಪಿನ ನೀರಿನಲ್ಲಿ ಉಜ್ಜಿ. ರಾತ್ರಿಯಿಡೀ ಒದ್ದೆ ಬಟ್ಟೆ ಹಾಕಿಡಿ. ಕೆಲಸ ಶುರು ಮಾಡುವಾಗ ಗುಂಡಿ ತೇವವಾಗಿರಬೇಕು, ನೀರು ನಿಂತಿರಬಾರದು. ಒಣ ನೆಲ ಹೊಸ ಸಿಮೆಂಟಿನ ನೀರನ್ನು ಕುಡಿದುಬಿಡುತ್ತದೆ, ಆಮೇಲೆ ಎರಡೂ ಹಿಡಿದುಕೊಳ್ಳುವುದಿಲ್ಲ.

4.3 ಬಣ್ಣ ಕೂಡಿಸಿ. ಎಲ್ಲರೂ ಸೋಲುವುದು ಇಲ್ಲಿ. ಆಕ್ಸೈಡ್ ಪುಡಿ ಸಿಮೆಂಟಿನ ತೂಕದ ನೂರಕ್ಕೆ ಹತ್ತು ಪಾಲು ದಾಟಬಾರದು. ಬಣ್ಣ ಗಾಢವಾಗಲಿ ಅಂತ ಜಾಸ್ತಿ ಸುರಿದರೆ ಸಿಮೆಂಟಿನ ಶಕ್ತಿ ಕುಂದಿ, ಕಾಲಿಗೆ ಕೆಂಪು ಅಂಟುವ ನೆಲವಾಗುತ್ತದೆ. ಎರಡನ್ನೂ ಒಣಗಿರುವಾಗಲೇ ಬೆರೆಸಿ, ಜರಡಿಯಲ್ಲಿ ಮೂರು ನಾಲ್ಕು ಸಲ ಹಿಡಿಯಿರಿ, ಗೆರೆ ಗೆರೆ ಕಾಣದ ಹಾಗೆ ಒಂದೇ ಬಣ್ಣ ಬರಬೇಕು. ಹಸಿ ಇದ್ದಾಗ ಬಣ್ಣ ಗಾಢ, ಒಣಗಿದ ಮೇಲೆ ತಿಳಿ. ಹಾಗಾಗಿ ಒಡೆದ ಟೈಲ್ಸ್ ಚೂರಿನ ಮೇಲೆ ಎರಡು ಮೂರು ಅಳತೆಯಲ್ಲಿ ಸ್ವಲ್ಪ ಸ್ವಲ್ಪ ಹಚ್ಚಿ, ವಾರ ಒಣಗಿಸಿ, ನೆಲದ ಪಕ್ಕ ಇಟ್ಟು ನೋಡಿ ಆರಿಸಿಕೊಳ್ಳಿ. ಬೇಕಾದಷ್ಟನ್ನೂ ಒಂದೇ ಸಲಕ್ಕೆ ಬೆರೆಸಿಟ್ಟುಕೊಳ್ಳಿ, ಎರಡನೇ ಸಲ ಅದೇ ಬಣ್ಣ ಬರುವುದಿಲ್ಲ.

4.4 ತುಂಬಿ. ಗುಂಡಿಗೆ ಸಿಮೆಂಟ್ ನೀರು ಬಳಿದು, ಅದು ಒಣಗುವ ಮೊದಲೇ ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳಿನ ಗಾರೆ ತುಂಬಿ ಒತ್ತಿ. ಮೇಲೆ ಮೂರು ನಾಲ್ಕು ಮಿಲಿಮೀಟರ್ ಬಿಡಿ. ಗಾರೆ ಪೂರ್ತಿ ಗಟ್ಟಿಯಾಗುವ ಮುಂಚೆ, ಬೆರಳು ಒತ್ತಿದರೆ ಗುರುತು ಮಾತ್ರ ಬೀಳುವಂತಿರುವಾಗ ಬಣ್ಣದ ಪದರ ಹಾಕಿ ಸ್ಟೀಲ್ ಕರಣೆಯಿಂದ ತೀಡಿ. ನೀರು ಮೇಲೆ ಬಂತು ಅಂತ ಒಣ ಸಿಮೆಂಟ್ ಉದುರಿಸಿ ತೀಡುವ ಅಭ್ಯಾಸ ಕೆಲವರಿಗಿದೆ. ಬೇಡ ಅನ್ನಿ. ಆ ಪದರವೇ ಮುಂದೆ ಜಾಲರಿಯಂತೆ ಬಿರಿಯುವುದು.

4.5 ನೀರು ಕುಡಿಸಿ. ಮಾರನೇ ದಿನದಿಂದ ಏಳು ದಿನ ತೇವ ಆರಬಾರದು. ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಗೋಣಿಚೀಲ ಹಾಕಿದರೆ ಅದರ ಕಂದು ಬಣ್ಣ ಇಳಿಯುವ ಭಯ ಇದೆ. ಮೂರು ನಾಲ್ಕು ವಾರ ಒಣಗಿದ ಮೇಲೆ ತೆಳ್ಳಗೆ ವ್ಯಾಕ್ಸ್ ಹಚ್ಚಿ ಉಜ್ಜಿ. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ, ಬಟ್ಟೆಗೆ ಹತ್ತಿಸಿಕೊಂಡು ಒರೆಸಿ, ಹೆಚ್ಚಾದದ್ದನ್ನು ಒಣ ಬಟ್ಟೆಯಿಂದ ತೆಗೆದರೆ. ಸುರಿದು ಬಿಟ್ಟರೆ ಧೂಳು ಹಿಡಿಯುತ್ತದೆ, ಮನೆಯಲ್ಲಿ ಹಿರಿಯರಿದ್ದರೆ ಜಾರಿ ಬೀಳುತ್ತಾರೆ.

ಇಷ್ಟು ಮಾಡಿದರೂ ಹೊಸ ಕೆಂಪು ಹಳೇ ಕೆಂಪಿನ ಹಾಗೆ ಇರುವುದಿಲ್ಲ. ನನ್ನ ಸಲಹೆ, ಹೊಂದಿಸಲು ಒದ್ದಾಡಬೇಡಿ. ತೇಪೆ ದೊಡ್ಡದಿದ್ದರೆ ಆ ಜಾಗದಲ್ಲಿ ಕಪ್ಪು ಆಕ್ಸೈಡ್‌ನ ಪಟ್ಟಿಯೋ ಚೌಕವೋ ಮಾಡಿಸಿಬಿಡಿ. ಬೇಕಂತಲೇ ಮಾಡಿಸಿದ್ದು ಅನ್ನಿಸುತ್ತದೆ.

## ಹಂತ 5: ಮೊಸಾಯಿಕ್, ಮಾರ್ಬಲ್, ಕಡಪ

ಇಲ್ಲಿ ಹೆಚ್ಚಿನ ತೊಂದರೆ ಕಲೆಗಳದು. ಹಬ್ಬಕ್ಕೆ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುತ್ತೇವಲ್ಲ, ಕೆಂಪು ನೀರು ಮೊಸಾಯಿಕ್ ಮೆಟ್ಟಿಲಿಗೆ ಇಳಿದರೆ ಮುಗಿಯಿತು. ಒಡೆದದ್ದನ್ನು ಕೂಡಲೇ ತೆಗೆದು, ರಸವನ್ನು ಹಳೇ ಬಟ್ಟೆಯಿಂದ ಒತ್ತಿ ಒತ್ತಿ ಎತ್ತಿ. ಉಜ್ಜಬೇಡಿ, ಉಜ್ಜಿದರೆ ಹರಡುತ್ತದೆ. ಒಣ ಕುಂಕುಮ ಚೆಲ್ಲಿದ್ದರೆ ನೀರು ಸೋಕಿಸಲೇಬಾರದು. ಮೊದಲು ಬ್ರಷ್‌ನಿಂದ ಗುಡಿಸಿ ತೆಗೆಯಿರಿ, ನೀರು ಬಿದ್ದರೆ ಬಣ್ಣ ಕರಗಿ ಕಲ್ಲಿನ ರಂಧ್ರಕ್ಕೆ ಇಳಿಯುತ್ತದೆ.

ದೇವರ ಮನೆಯ ಎಣ್ಣೆ ಕಲೆಗೆ ಲೇಪ ಹಾಕಬೇಕು. ಅಡುಗೆ ಸೋಡಾಕ್ಕೆ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಅರ್ಧ ಸೆಂಟಿಮೀಟರ್ ದಪ್ಪ ಹಚ್ಚಿ. ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗಲೇ ಅದು ಎಣ್ಣೆಯನ್ನು ಮೇಲೆಳೆಯುವುದು, ಹಸಿ ಇರುವಾಗ ಕೆರೆದರೆ ಏನೂ ಆಗುವುದಿಲ್ಲ. ಹಳೇ ಕಲೆಗೆ ಎರಡು ಮೂರು ಸಲ ಬೇಕಾಗಬಹುದು. ಅರಿಶಿನದ ಕಲೆ ಬಿಸಿಲು ಬೀಳುವ ಕಡೆ ತಾನಾಗಿಯೇ ಮಾಸುತ್ತದೆ, ಅವಸರ ಪಡಬೇಡಿ.

ಪೂರ್ತಿ ಮಂಕಾದ ನೆಲಕ್ಕೆ ಮೆಷಿನ್ ಪಾಲಿಶ್ ಒಂದೇ ದಾರಿ. ಒರಟು ಕಲ್ಲಿನಿಂದ ಶುರುಮಾಡಿ ನಯದ ಕಲ್ಲಿಗೆ ಹೋಗಬೇಕು. ನಡುವಿನದನ್ನು ಹಾರಿಸಿದರೆ ಸುಳಿ ಸುಳಿ ಗೀರು ಉಳಿಯುತ್ತದೆ, ಸಂಜೆ ಲೈಟ್ ಹಾಕಿದಾಗ ಎದ್ದು ಕಾಣುತ್ತದೆ. ಮೊದಲ ಸುತ್ತು ಆದ ಮೇಲೆ ಸಣ್ಣ ಗುಂಡಿಗಳಿಗೆ ಬಣ್ಣಕ್ಕೆ ಹೊಂದುವ ಬಿಳಿ ಸಿಮೆಂಟ್ ತುಂಬಿಸಿ, ಅದು ಗಟ್ಟಿಯಾದ ಮೇಲೆ ಮುಂದಿನ ಸುತ್ತು. ನೀರು ಮತ್ತು ಕರೆಂಟು ಒಂದೇ ಕಡೆ ಇರುವ ಕೆಲಸ ಇದು. ಮೆಷಿನ್ ವೈರಿಗೆ ಬರೀ ಟೇಪು ಸುತ್ತಿದ್ದರೆ ವಾಪಸ್ ಕಳಿಸಿ. ಪಾಲಿಶ್ ಮಾಡಿದ ಕೆಸರು ನೀರನ್ನು ಬಚ್ಚಲಿಗೆ ಬಿಡಲು ಕೊಡಬೇಡಿ. ಪೈಪಿನೊಳಗೆ ಕೂತು ಗಟ್ಟಿಯಾಗುತ್ತದೆ.

ಕಡಪಕ್ಕೆ ನಿಂಬೆ, ಹುಣಸೆರಸ ಬಿದ್ದರೆ ಆಗಲೇ ಒರೆಸಿ. ಪದರ ಪದರವಾಗಿ ಏಳುತ್ತಿದ್ದರೆ ಆ ಕಲ್ಲನ್ನು ಬದಲಾಯಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

## ಹಂತ 6: ಟೈಲ್ಸ್ ಎದ್ದಿದ್ದರೆ, ಒಡೆದಿದ್ದರೆ

ಒಂದೆರಡು ಟೈಲ್ಸ್ ಬೇರೆ, ಒಂದು ಸಾಲೇ ಗುಡಾರದಂತೆ ಎದ್ದು ನಿಲ್ಲುವುದು ಬೇರೆ. ಸಾಲು ಎದ್ದಿದ್ದರೆ ಗೋಡೆಯ ಬುಡದಲ್ಲಿ ಸಂದು ಬಿಡದೆ ಬಿಗಿಯಾಗಿ ಕೂರಿಸಿದ್ದಾರೆಯೇ ಅಂತ ಮೊದಲು ನೋಡಿ. ಬಿಸಿಗೆ, ತೇವಕ್ಕೆ ಹಿಗ್ಗಿದ ಟೈಲ್ಸ್‌ಗೆ ಹೋಗಲು ಜಾಗ ಇಲ್ಲ, ಮೇಲೇಳುತ್ತದೆ. ಹೊಸದಾಗಿ ಕೂರಿಸುವಾಗ ಗೋಡೆ ಬುಡದಲ್ಲಿ ಐದಾರು ಮಿಲಿಮೀಟರ್ ಖಾಲಿ ಬಿಡಿಸಿ, ಗೋಡೆಯ ಬುಡಕ್ಕೆ ಕೂರಿಸುವ ಪಟ್ಟಿ, ಅಂದರೆ ಸ್ಕರ್ಟಿಂಗ್, ಅದನ್ನು ಮುಚ್ಚುತ್ತದೆ. ಸಂದಿಲ್ಲದೆ ಅಂಟಿಸಿದರೆ ನೋಡಲು ಚೆಂದ ಅಂತ ಹೇಳುವವರ ಮಾತು ಕೇಳಬೇಡಿ, ಟೈಲ್ಸ್ ನಡುವೆಯೂ ಎರಡು ಮಿಲಿಮೀಟರ್ ಸ್ಪೇಸರ್ ಇರಲಿ.

6.1 ಸುತ್ತಲಿನ ಗ್ರೌಟ್ (ಟೈಲ್ಸ್ ಸಂದಿಗೆ ತುಂಬಿದ ಪುಡಿಗಾರೆ) ಅನ್ನು ಮೊದಲು ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ತೆಗೆಯಿರಿ. ಇದನ್ನು ಬಿಟ್ಟು ಸುತ್ತಿಗೆ ಹಾಕಿದರೆ ಪಕ್ಕದ ಟೈಲ್ಸ್‌ನ ಅಂಚೂ ಚಿಪ್ಪೇಳುತ್ತದೆ.

6.2 ನಡುವಿನಿಂದ ಅಂಚಿನ ಕಡೆಗೆ ಒಡೆಯಿರಿ. ಕನ್ನಡಕ ಹಾಕಿಕೊಂಡೇ. ವಿಟ್ರಿಫೈಡ್ ಚೂರು ಬ್ಲೇಡಿನಷ್ಟು ಹರಿತ.

6.3 ಹಳೇ ಗಾರೆಯನ್ನು ಟೈಲ್ಸ್ ದಪ್ಪಕ್ಕಿಂತ ಐದಾರು ಮಿಲಿಮೀಟರ್ ಆಳಕ್ಕೆ ಕೆತ್ತಿ. ಒಣ ಟೈಲ್ಸ್ ಇಟ್ಟು ರಸಮಟ್ಟ ಹಿಡಿದು ನೋಡಿ. ಅಂಟು ಹಚ್ಚಿದ ಮೇಲೆ ಎತ್ತರ ಆಯ್ತು ಅಂತ ತಿಳಿದರೆ ಕೆಲಸ ಎರಡು.

6.4 ವಿಟ್ರಿಫೈಡ್ ಟೈಲ್ಸ್ ನೀರು ಕುಡಿಯುವುದೇ ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ. ಹಾಗಾಗಿ ಬರೀ ಸಿಮೆಂಟ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಟೈಲ್ಸ್ ಅಡೆಸಿವ್ (ಟೈಲ್ಸ್‌ಗೆಂದೇ ಮಾಡಿದ ಅಂಟು) ಬೇಕು. ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನದಂಡದ ಸಂಖ್ಯೆ) ಅಂತಲೂ ಟೈಪ್ ಎಷ್ಟು ಅಂತಲೂ ಇರುತ್ತದೆ, ವಿಟ್ರಿಫೈಡ್‌ಗೆ ಟೈಪ್ 2 ಅಥವಾ ಅದಕ್ಕಿಂತ ಮೇಲಿನದು ತನ್ನಿ. ಟೈಲ್ಸ್ ಹಿಂಬದಿಯ ಬಿಳಿ ಪುಡಿ ತೊಳೆದು ಒಣಗಿಸಿ. ಅಡೆಸಿವ್‌ನಲ್ಲಿ ಕೂರಿಸುವಾಗ ಟೈಲ್ಸ್ ನೆನೆಸಬೇಡಿ.

6.5 ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ ಇಟ್ಟು ಒತ್ತುವುದನ್ನು ನೋಡಿದರೆ ಅಲ್ಲೇ ನಿಲ್ಲಿಸಿ. ಉಂಡೆಗಳ ನಡುವೆ ಟೊಳ್ಳು ಉಳಿಯುತ್ತದೆ, ಸಿಲಿಂಡರ್ ಇಟ್ಟ ದಿನ ಟೈಲ್ಸ್ ಒಡೆಯುತ್ತದೆ. ಹಲ್ಲಿನ ಕರಣೆಯಿಂದ ನೆಲಕ್ಕೆ ಒಂದೇ ದಿಕ್ಕಿನಲ್ಲಿ ಗೀರು ಎಳೆದು, ಟೈಲ್ಸ್ ಹಿಂಬದಿಗೂ ತೆಳ್ಳಗೆ ಸವರಿ, ಕೂರಿಸಿ ಸ್ವಲ್ಪ ಹಿಂದೆ ಮುಂದೆ ಜರುಗಿಸಿ ಒತ್ತಿ.

6.6 ಒಂದು ದಿನ ತುಳಿಯಬೇಡಿ. ಆಮೇಲೆ ಗ್ರೌಟ್. ಬಚ್ಚಲು, ಅಡುಗೆಮನೆಗೆ ಎಪಾಕ್ಸಿ (ರಾಳದ) ಗ್ರೌಟ್ ಒಳ್ಳೆಯದು, ಆದರೆ ಅದು ಬೇಗ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಟೈಲ್ಸ್ ಮೇಲೆ ಉಳಿದ ಪೊರೆಯನ್ನು ಆಗಲೇ ಹಿಂಡಿದ ಸ್ಪಂಜಿನಿಂದ ಒರೆಸಿ. ಮಾರನೇ ದಿನ ಅದು ಬಿಡುವುದಿಲ್ಲ.

## ಹಂತ 7: ಗ್ರಾನೈಟ್ ಮತ್ತು ಮರದ ಹಲಗೆಯಂಥ ನೆಲ

ಗ್ರಾನೈಟ್ ಮೇಲೆ ನೀರಿನ ಹನಿ ಬಿಟ್ಟು ಹತ್ತು ನಿಮಿಷ ನೋಡಿ. ಕಲ್ಲು ಕಪ್ಪಾದರೆ ಸೀಲರ್ (ನೀರು ಒಳಗೆ ಇಳಿಯದಂತೆ ತಡೆಯುವ ದ್ರಾವಣ) ಹಚ್ಚುವ ಕಾಲ ಬಂದಿದೆ. ಮರದ ಹಲಗೆಯಂತೆ ಕಾಣುವ ಲ್ಯಾಮಿನೇಟ್ ನೆಲಕ್ಕೆ ನೀರು ಹೊಯ್ದು ತೊಳೆಯುವ ಹಾಗೇ ಇಲ್ಲ, ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಒಮ್ಮೆ ಸಂದಿಯಲ್ಲಿ ಉಬ್ಬಿದ ಹಲಗೆ ಮತ್ತೆ ಕೂರುವುದಿಲ್ಲ, ಬದಲಾಯಿಸಬೇಕು.

## ಹಂತ 8: ದಿನದ ಆರೈಕೆ

ಬಾಗಿಲ ಹೊರಗೊಂದು, ಒಳಗೊಂದು ಮ್ಯಾಟ್ ಹಾಕಿ. ಚಪ್ಪಲಿಗೆ ಅಂಟಿ ಬರುವ ಮರಳೇ ಹೊಳಪು ತೆಗೆಯುವುದು. ಒರೆಸುವ ಮೊದಲು ಗುಡಿಸಲೇಬೇಕು. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಸೋಪಿನ ನೀರು, ಇನ್ನೊಂದು ಬಟ್ಟೆ ಜಾಲಿಸಲು.

ಆರ್‌ಒ ಫಿಲ್ಟರ್‌ನಿಂದ ಹೊರಬರುವ ನೀರನ್ನು ಎಸೆಯಬಾರದು ಅಂತ ನೆಲ ಒರೆಸಲು ಬಳಸುವವರು ತುಂಬ ಇದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಫಿಲ್ಟರ್ ಬಿಟ್ಟ ಉಪ್ಪೆಲ್ಲ ಅದರಲ್ಲಿರುತ್ತದೆ. ಬೋರ್‌ವೆಲ್ ನೀರಿರುವ ಮನೆಯಲ್ಲಂತೂ ಟೈಲ್ಸ್ ಮೇಲೆ ಬಿಳಿ ಪೊರೆ ಕೂರುವುದು ಖಂಡಿತ. ಅದನ್ನು ಟಾಯ್ಲೆಟ್‌ಗೆ ಹಾಕಿ. ನೆಲ ಮಾತ್ರ ಒಳ್ಳೆಯ ನೀರಿನಲ್ಲಿ ಒರೆಸಿ, ಕೊನೆಗೊಮ್ಮೆ ಒಣ ಬಟ್ಟೆ ಆಡಿಸಿ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಒಂದಾದ ಮೇಲೊಂದು ಬೇಗ ಬೇಗ ಹಾಕಿದರೂ ಅಷ್ಟೇ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಬಾಯಿಬಿಟ್ಟು ಹೇಳಿ.

## ಈ ಲಕ್ಷಣ ಕಂಡರೆ ತೇಪೆ ಬೇಡ, ಎಂಜಿನಿಯರ್ ಬೇಕು

ಸ್ಕರ್ಟಿಂಗ್ ಮತ್ತು ನೆಲದ ನಡುವೆ ಸಂದು ಬೆಳೆಯುತ್ತಿರುವುದು. ಬಾಗಿಲ ಚೌಕಟ್ಟಿನ ಮೂಲೆಯಿಂದ ಗೋಡೆಗೆ ಓರೆ ಬಿರುಕು. ಮುಚ್ಚುತ್ತಿದ್ದ ಬಾಗಿಲು ಈಗ ನೆಲಕ್ಕೆ ಉಜ್ಜುವುದು. ಗೋಲಿ ಬಿಟ್ಟರೆ ಒಂದೇ ಮೂಲೆಗೆ ಓಡುವುದು, ಮೊದಲು ಹಾಗಿರಲಿಲ್ಲ ಅಂದರೆ. ಮಹಡಿ ಮೇಲಿನ ನೆಲದ ಬಿರುಕು ಕೆಳಗಿನ ಸೀಲಿಂಗ್‌ನಲ್ಲೂ ಕಂಡರೆ ಒಂದು ದಿನವೂ ತಡಮಾಡಬೇಡಿ.

## ಕೆಲಸ ಕೊಡುವಾಗ

ಮಾತು ಆಡುವಾಗಲೇ ಮೇಸ್ತ್ರಿಗೆ ಮೂರು ವಿಷಯ ಹೇಳಿಬಿಡಿ. ಅಂಚು ನೇರ ಕತ್ತರಿಸಬೇಕು, ನೀರು ಕುಡಿಸಲು ಏಳು ದಿನ ಬೇಕು, ಅಡೆಸಿವ್ ಚೀಲ ನಿಮ್ಮ ಮುಂದೆಯೇ ಒಡೆಯಬೇಕು. ಟೈಲ್ಸ್ ತರುವಾಗ ಐದಾರು ಜಾಸ್ತಿ ತಂದು, ಡಬ್ಬದ ಮೇಲಿನ ಬ್ಯಾಚ್ ನಂಬರ್ ಕಾಣುವ ಹಾಗೆ ಅಟ್ಟದಲ್ಲಿಡಿ. ಬೇರೆ ಬ್ಯಾಚಿನದು ಅದೇ ಹೆಸರಿನದಾದರೂ ಬಣ್ಣ ಸ್ವಲ್ಪ ಬೇರೆ ಇರುತ್ತದೆ. ಕೊನೆ ಕಂತಿನ ದುಡ್ಡನ್ನು ಕೆಲಸ ಮುಗಿದ ಸಂಜೆಯೇ ಕೊಡಬೇಡಿ. ಪೂರ್ತಿ ಒಣಗಲಿ, ಮೇಸ್ತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇಡೀ ನೆಲ ಇನ್ನೊಮ್ಮೆ ತಟ್ಟಿ ನೋಡಿ, ಡಬ್ ಅನ್ನುವ ಜಾಗ ಇದ್ದರೆ ಅದನ್ನು ಸರಿ ಮಾಡಿಸಿಕೊಂಡ ಮೇಲೆ ಕೊಡಿ.